ಅರ್ಧಕ್ಕೆ ನಿಂತ ಅಪ್‌ಗ್ರೇಡ್

ಉಬುಂಟು 22.04ರಿಂದ 24.04ಕ್ಕೆ ಹೋಗುವಾಗ ಕರೆಂಟ್ ಹೋಯಿತು, ಆಮೇಲೆ ತಂತ್ರಾಂಶ ಹಾಕುವ ಆ್ಯಪ್ಟ್ ಮತ್ತೆ ಇನ್‌ಸ್ಟಾಲ್ ಆಗುತ್ತಿಲ್ಲ ಎಂದು ಮೊಳಕಾಲ್ಮೂರಿನಿಂದ ಬರೆದಿದ್ದೀರಿ. ‘ಡಿಪಿಕೆಜಿ ವಾಸ್ ಇಂಟರಪ್ಟೆಡ್’ ಎಂದು ತೆರೆಯ ಮೇಲೆ ಬಂದ ಸಾಲನ್ನು ದಯವಿಟ್ಟು ನಂಬಿ. ಆ್ಯಪ್ಟ್‌ಗೆ ಏನೂ ಆಗಿಲ್ಲ; ಅದರ ಕೆಳಗೆ ಡಿಪಿಕೆಜಿ ಬಿಚ್ಚಿಟ್ಟ ಪ್ಯಾಕೇಜುಗಳ ಜೋಡಣೆ ಅರ್ಧಕ್ಕೆ ನಿಂತಿದೆ. ಅದು ಮುಗಿಯುವ ತನಕ ಆ್ಯಪ್ಟ್ ಹೊಸದೇನನ್ನೂ ಹಾಕದು, ತನ್ನನ್ನೂ ಸಹ. ಆ ಸಾಲಿನಲ್ಲೇ ಇರುವ ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೆಯೇ ಟೈಪ್ ಮಾಡಿ, ಬಳಿಕ ‘ಸುಡೋ ಆ್ಯಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಕೊಡಿ. ಹೊರಗಿನ ತಂತ್ರಾಂಶ ಮೂಲಗಳಾದ ಪಿಪಿಎಗಳನ್ನು ಅಪ್‌ಗ್ರೇಡ್ ವೇಳೆ ಉಬುಂಟು ತಾನೇ ನಿಲ್ಲಿಸಿರುತ್ತದೆ, 24.04ಕ್ಕೆ ಸಿದ್ಧವಿರುವವನ್ನಷ್ಟೇ ಮತ್ತೆ ಚಾಲೂ ಮಾಡಿ.

ಫಾರ್ಮ್ಯಾಟ್ ಮಾಡಿದರೆ ಸಲೀಸಲ್ಲವೇ ಎಂದು ಕೇಳಿದ್ದೀರಿ. ಸಲೀಸೇ. ಆದರೆ ನಿಮ್ಮ ಸೀರೆ ಬಾರ್ಡರಿನ ವಿನ್ಯಾಸಗಳೆಲ್ಲ ಅದೇ ಡಿಸ್ಕಿನಲ್ಲಿವೆ, ಬೇರೆಲ್ಲೂ ಪ್ರತಿಯಿಲ್ಲ. ಯಾವ ಆಜ್ಞೆ ಕೊಡುವ ಮೊದಲೂ ಅವನ್ನು ಪೆನ್‌ಡ್ರೈವಿಗೆ ತೆಗೆದಿಡಿ.