ಶಾಕಿಗೆ ಕೊಡುವ ದುಡ್ಡು ಟೈರಿಗೆ ಕೊಡಿ

ಇಪ್ಪತ್ತು ಸಾವಿರದೊಳಗೆ ಸೈಕಲ್ ಕೊಳ್ಳಲು ಹೊರಟವರಿಗೆ ನಾನು ಹೇಳುವ ಮೊದಲ ಮಾತು: ಮುಂದಿನ ಶಾಕ್ ಬೇಡ. ಅಂಗಡಿಯಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅದೇ. ದಪ್ಪ ಫೋರ್ಕು, ಹ್ಯಾಂಡಲ್ ಹಿಡಿದು ಒತ್ತಿದರೆ ಕುಪ್ಪಳಿಸುತ್ತದೆ, ದೊಡ್ಡವರೂ ಮರುಳಾಗುತ್ತಾರೆ. ಆ ಬೆಲೆಯ ಸೈಕಲ್ಲಿನಲ್ಲಿ ಸಿಗುವ ಶಾಕ್ ಎಂದರೆ ಎರಡೂವರೆ ಕೆ.ಜಿ. ಆಸುಪಾಸಿನ ಕಬ್ಬಿಣ. ಏರಿನಲ್ಲಿ ಎದ್ದು ನಿಂತು ತುಳಿದರೆ ಕಾಲಿನ ಬಲದಲ್ಲಿ ಒಂದಿಷ್ಟನ್ನು ಆ ಸ್ಪ್ರಿಂಗೇ ನುಂಗುತ್ತದೆ. ಕೆಲವು ಮಳೆಗಾಲ ಕಳೆದು ಒಳಗೆ ತುಕ್ಕು ಹಿಡಿದರೆ ಬಿಗಿದುಕೊಳ್ಳುತ್ತದೆ. ಆಮೇಲೆ ಉಳಿಯುವುದು ಭಾರ ಮಾತ್ರ. ಅದೇ ಬೆಲೆಯಲ್ಲಿ ಶಾಕ್ ಇಲ್ಲದ ಸೈಕಲ್ ನೋಡಿ; ಚಕ್ರಕ್ಕೆ, ಬ್ರೇಕಿಗೆ, ಗೇರಿಗೆ ಒಂದು ಕೈ ಹೆಚ್ಚೇ ಖರ್ಚಾಗಿರುವುದು ಕಾಣುತ್ತದೆ.

ನಾನು ಹೇಳುತ್ತಿರುವುದು ಖುಷಿಗಾಗಿ ತುಳಿಯುವ ನಮ್ಮಂಥವರ ವಿಷಯ. ಮೈಸೂರಿನಲ್ಲಿ ಬೆಳಿಗ್ಗೆ ಆರಕ್ಕೆ ಹೊರಟು ಲಿಂಗಾಂಬುಧಿ ಕೆರೆ ಕಡೆ ಒಂದು ಸುತ್ತು, ಭಾನುವಾರ ಶ್ರೀರಂಗಪಟ್ಟಣದಲ್ಲಿ ತಿಂಡಿ, ಹುರುಪಿದ್ದರೆ ಚಾಮುಂಡಿ ಬೆಟ್ಟ. ಎಲ್ಲವೂ ಡಾಂಬರು ರಸ್ತೆ, ನಡುನಡುವೆ ಹಂಪು, ಗುಂಡಿ. ಇದಕ್ಕೆ ಹೈಬ್ರಿಡ್ ಎಂದು ಮಾರುವ ಸೈಕಲ್ ಸಾಕು: ನೆಟ್ಟನೆಯ ಹ್ಯಾಂಡಲ್, 700ಸಿ ಚಕ್ರ, 35ರಿಂದ 40 ಮಿ.ಮೀ. ಅಗಲದ ಟೈರು. ಕುಲುಕಾಟ ತಡೆಯುವುದು ಆ ಟೈರಿನ ಗಾಳಿ. ತುಳಿಯುವವರ ತೂಕ ನೋಡಿಕೊಂಡು 50-60 ಪಿಎಸ್‌ಐ ಇಟ್ಟರೆ ಹಂಪಿನ ಮೇಲೂ ಮುಂಗೈ ನೋಯುವುದಿಲ್ಲ. ಟೈರಿನ ಪಕ್ಕದಲ್ಲೇ ಎಷ್ಟರವರೆಗೆ ಹೊಡೆಯಬಹುದು ಎಂದು ಬರೆದಿರುತ್ತದೆ, ಓದಿಕೊಳ್ಳಿ.

ಎಷ್ಟು ದುಡ್ಡು ಹಾಕಬೇಕೆನ್ನುವುದಕ್ಕೆ ಮುಂಚೆ, ನಾವು ನಿಜಕ್ಕೂ ತುಳಿಯುತ್ತೇವೆಯೇ ಎಂದು ಗೊತ್ತಾಗಬೇಕು. 2017ರಲ್ಲಿ ಮೈಸೂರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ನಾನು ಮಾಡಿದ್ದು ಅದನ್ನೇ. ಹಲವು ತಿಂಗಳು ಬಾಡಿಗೆಯದನ್ನೇ ತುಳಿದೆ. ಚಳಿಯಲ್ಲೂ ಏಳುತ್ತೇನೆ, ಎರಡು ಗಂಟೆ ಕುಳಿತರೂ ಸೊಂಟ ತಡೆಯುತ್ತದೆ ಎಂದು ಖಾತ್ರಿಯಾದ ಮೇಲೆ 18,000 ರೂಪಾಯಿ ಕೊಟ್ಟು ಸ್ವಂತದ್ದು ತಂದೆ. ಈಗಲೂ ಅದೇ ಸೈಕಲ್. ಬಾಡಿಗೆಯದು ಸಿಗದಿದ್ದರೆ ನೆಂಟರದ್ದೋ ಪಕ್ಕದ ಮನೆಯವರದ್ದೋ ಕೇಳಿ ತುಳಿದು ನೋಡಿ. ಎಷ್ಟೋ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಕೂಡುಕುಟುಂಬಕ್ಕಾಗುವಷ್ಟು ಸೈಕಲ್ಲುಗಳು ಧೂಳು ಹಿಡಿದು ನಿಂತಿವೆ. ಕೇಳಿದರೆ ಕೊಡುತ್ತಾರೆ.

ಅಳತೆಯ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ನಮ್ಮಕ್ಕ. ಅವಳು ಐದಡಿ ಎತ್ತರ. ಅವಳಿಗೆ ಸೈಕಲ್ ನೋಡಲು ಹೋದಾಗ ಅಂಗಡಿಯಲ್ಲಿ ಚಿಕ್ಕ ಫ್ರೇಮು ಸ್ಟಾಕ್ ಇರಲಿಲ್ಲ. ಹುಡುಗ ದೊಡ್ಡದನ್ನೇ ಮುಂದೆ ತಂದ.

“ಸೀಟು ಇಳಿಸಿಕೊಡ್ತೀನಿ ಮೇಡಂ, ಆರಾಮಾಗಿ ಕಾಲು ಸಿಗುತ್ತೆ.”

ಅಕ್ಕ ಕೂತು ನೋಡಿದಳು. “ಕಾಲೇನೋ ಸಿಕ್ತಪ್ಪ. ಹ್ಯಾಂಡಲ್ ಹತ್ತಿರ ಬರುತ್ತಾ?”

ಅವನ ಬಳಿ ಉತ್ತರ ಇರಲಿಲ್ಲ. ಸೀಟು ಏರಿಸಬಹುದು, ಇಳಿಸಬಹುದು. ಫ್ರೇಮಿನ ಉದ್ದ ಕಡಿಮೆ ಮಾಡಲಾಗದು. ದೂರದ ಹ್ಯಾಂಡಲಿಗೆ ಕೈ ಚಾಚಿ ಚಾಚಿ ಕುತ್ತಿಗೆ, ಭುಜ ಹಿಡಿದುಕೊಳ್ಳುತ್ತದೆ, ಸೈಕಲ್ ಮೂಲೆ ಸೇರುತ್ತದೆ. ನಾವು ಹಾಗೇ ಹೊರಬಂದು, ಇನ್ನೊಂದು ಕಡೆ ಚಿಕ್ಕ ಅಳತೆಯದು ತರಿಸಿಕೊಳ್ಳುವವರೆಗೆ ಕಾದೆವು. ಕಂಬಿಯ ಎರಡೂ ಕಡೆ ಕಾಲಿಟ್ಟು ನಿಂತಾಗ ಮೇಲೆ ಮೂರು ಬೆರಳಿನಷ್ಟಾದರೂ ಜಾಗ ಇರಬೇಕು. ಸೀಟಿನಲ್ಲಿ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟರೆ ಮಂಡಿ ನೆಟ್ಟಗಾಗಬೇಕು. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಿಚಿರಬೇಕು. ಇವು ಮೂರೂ ಸರಿಬರದ ಸೈಕಲ್ಲಿಗೆ ಎಷ್ಟು ಡಿಸ್ಕೌಂಟ್ ಕೊಟ್ಟರೂ ಅದು ದುಬಾರಿಯೇ.

ಗೇರಿನ ಸಂಖ್ಯೆ ನೋಡಿ ದುಡ್ಡು ಕೊಡಬೇಡಿ. ಮುಂದೆ ಮೂರು, ಹಿಂದೆ ಏಳು ಇದ್ದರೆ 21 ಎಂದು ಫಲಕ ಹಾಕುತ್ತಾರೆ. ಅದರಲ್ಲಿ ಎಷ್ಟೋ ಒಂದರ ಮೇಲೊಂದು ಬೀಳುವಂಥವು. ಕೇಳಬೇಕಾದ್ದು ಹಲ್ಲಿನ ಲೆಕ್ಕ. ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲುಗಳು ಹಿಂದಿನ ಅತಿ ದೊಡ್ಡದರ ಹಲ್ಲುಗಳಿಗೆ ಸಮ ಅಥವಾ ಕಡಿಮೆ ಇದ್ದರೆ, ಪೆಡಲ್ ಒಂದು ಸುತ್ತು ಬಂದಾಗ ಹಿಂದಿನ ಚಕ್ರವೂ ಒಂದೇ ಸುತ್ತು ಅಥವಾ ಅದಕ್ಕಿಂತ ಕಡಿಮೆ ತಿರುಗುತ್ತದೆ. ಬೆಟ್ಟದ ತಿರುವಿನಲ್ಲಿ ಇಳಿದು ತಳ್ಳದೆ ಹತ್ತಲು ಬೇಕಾದ್ದು ಅದು.

ಬಜೆಟ್ 20,000 ಆದರೆ ಸೈಕಲ್ಲಿಗೆ 16,000 ಮಾತ್ರ ಎಂದುಕೊಳ್ಳಿ. ಹೆಲ್ಮೆಟ್, ಬೀಗ, ಮುಂದೆ ಹಿಂದೆ ದೀಪ, ಗೇಜ್ ಇರುವ ಪಂಪು, ಹೆಚ್ಚಿಗೆ ಒಂದು ಟ್ಯೂಬು ಎನ್ನುವಷ್ಟರಲ್ಲಿ ಉಳಿದದ್ದು ಕರಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 15,000 ರೂಪಾಯಿ ಇರುವ ಸೈಕಲ್ಲಿಗೆ ಮೊದಲು 16,800 ಆಗುತ್ತಿತ್ತು, ಈಗ 15,750. ಉಳಿದ 1,050ರಲ್ಲಿ ಒಳ್ಳೆಯ ಹೆಲ್ಮೆಟ್ಟೇ ಬರುತ್ತದೆ. ಬಿಲ್ಲಿನಲ್ಲಿ ತೆರಿಗೆಯ ಸಾಲು ನೋಡಿಯೇ ದುಡ್ಡು ಎಣಿಸಿ.

ಬಡ್ಡಿಯಿಲ್ಲದ ಇಎಂಐ ಎನ್ನುವ ಮಾತಿಗೂ ಕಿವಿಗೊಡಬೇಡಿ. ಕ್ರೆಡಿಟ್ ಕಾರ್ಡಿನಲ್ಲಿ ಬಡ್ಡಿಯಷ್ಟನ್ನು ಬೆಲೆಯಲ್ಲಿ ಕಡಿಮೆ ಮಾಡಿದಂತೆ ತೋರಿಸಿದರೂ ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ನಮ್ಮ ತಲೆಗೇ ಬರುತ್ತದೆ; ಪ್ರೊಸೆಸಿಂಗ್ ಫೀ ಇದ್ದರೆ ಅದೂ ಬೇರೆ. ಕೈಯಲ್ಲಿ ದುಡ್ಡು ಕೂಡಿದ ಮೇಲೆ ಹೋಗಿ ಚೌಕಾಸಿ ಮಾಡಿದರೆ ಅಂಗಡಿಯವರು ಸ್ಟ್ಯಾಂಡು, ಮಡ್‌ಗಾರ್ಡು ಹಾಕಿಕೊಡುತ್ತಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಅಕ್ಕನ ಮಗನಿಗೆ ನಾನು ತಂದುಕೊಟ್ಟದ್ದು ಅರ್ಧ ಬೆಲೆಗೆ ಸಿಕ್ಕಿದ್ದು. ಸೈಕಲ್ ತಿರುಗಿಸಿ ಮಲಗಿಸಿ, ಪೆಡಲಿನ ಬುಡದಲ್ಲಿ ಕೊರೆದಿರುವ ಫ್ರೇಮ್ ನಂಬರು ಬಿಲ್ಲಿನದಕ್ಕೆ ತಾಳೆಯಾಗುತ್ತದೆಯೇ ನೋಡಿದೆ. ಹ್ಯಾಂಡಲಿನ ಕೆಳಗೆ ಕಂಬಿಗಳು ಕೂಡುವ ಬೆಸುಗೆಯ ಸುತ್ತ ಬೆರಳಾಡಿಸಿದೆ. ಅಲ್ಲಿ ಬಣ್ಣ ಕೂದಲೆಳೆಯಷ್ಟು ಸೀಳಿದ್ದರೂ ಎದ್ದು ಬರುವುದೇ ಸರಿ. ಚಕ್ರ ತಿರುಗಿಸಿ ಬ್ರೇಕಿನ ರಬ್ಬರ್ ಪಕ್ಕ ಕಣ್ಣಿಟ್ಟೆ. ರಿಮ್ಮು ಒಂದು ಕಡೆ ವಾಲುತ್ತಿತ್ತು, ಅದು ಬೆಂಡ್ ತೆಗೆಸಿದರೆ ಸರಿಹೋಗುವ ಮಾತು. ಅಷ್ಟು ದುಡ್ಡನ್ನು ಬೆಲೆಯಲ್ಲಿ ಇಳಿಸಿಕೊಂಡೆವು.

ಹೊಸದಾದರೆ ಮನೆಗೆ ಹತ್ತಿರದ, ರಿಪೇರಿಯನ್ನೂ ಮಾಡುವ ಅಂಗಡಿಯಲ್ಲೇ ಕೊಳ್ಳಿ, ನೂರಿನ್ನೂರು ಹೆಚ್ಚಾದರೂ ಚಿಂತೆಯಿಲ್ಲ. ಮೊದಲ ತಿಂಗಳಲ್ಲಿ ಕೇಬಲ್ ಸಡಿಲಾಗುತ್ತದೆ, ಕಡ್ಡಿಗಳು ಸ್ವಲ್ಪ ಕೂರುತ್ತವೆ. ಆ ಸರ್ವೀಸನ್ನು ಅವರು ಪುಕ್ಕಟೆ ಮಾಡುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಚೈನಿನ ಹನ್ನೆರಡು ಇಂಚಿನ ಅಳತೆ ಒಂದಿಂಚಿನ ಹದಿನಾರನೇ ಒಂದು ಭಾಗ ಹಿಗ್ಗಿದ್ದರೆ ಬದಲಾಯಿಸುವ ಹೊತ್ತು ಬಂತು. ಮನೆಯಲ್ಲಿರುವ ಸ್ಟೀಲ್ ಸ್ಕೇಲಿನಲ್ಲೇ ನೋಡಬಹುದು. ಆಗ ಖರ್ಚಾಗುವುದು ಚೈನಿನ ದುಡ್ಡು ಮಾತ್ರ. ಇನ್ನೂ ಓಡಲಿ ಎಂದು ಬಿಟ್ಟರೆ ಹಿಂದಿನ ಹಲ್ಲುಗಳೂ ಸವೆದು, ಎರಡನ್ನೂ ಒಟ್ಟಿಗೆ ಹಾಕಿಸಬೇಕಾಗುತ್ತದೆ.