ಕೂಸಿರುವ ಮನೆಯ ರಾತ್ರಿಯೂಟ



ಕೂಸಿರುವ ಮನೆಯಲ್ಲಿ ಸಂಜೆಯ ರೊಟ್ಟಿ ಹರಿದರೆ, ಬೇಳೆ ತಳ ಹಿಡಿದರೆ, ಪಲ್ಯೆಗೆ ಎರಡು ಸಲ ಉಪ್ಪು ಬಿದ್ದರೆ ಅದನ್ನು ಸೊಸೆಯ ಕೈಗುಣಕ್ಕೆ ಕಟ್ಟುವ ರೂಢಿ ಕೊಪ್ಪಳ ಕಡೆಯ ಇರಕಲ್ಲಗಡ ಸೀಮೆಯಲ್ಲಿ ಇನ್ನೂ ಉಳಿದಿದೆ. ಒಂದೇ ಜೋಡಿ ಕೈಗಳ ಮೇಲೆ ಒಲೆ, ಹಂಚು ಮತ್ತು ಕೂಸು ಮೂರನ್ನೂ ಹೊರಿಸಿದ ಮನೆಯ ವ್ಯವಸ್ಥೆಯೇ ಇಂಥ ಬಹುಪಾಲು ಎಡವಟ್ಟುಗಳ ಮೂಲವಾಗಿರುವುದರಿಂದ ಆ ರೂಢಿ ನ್ಯಾಯವಾದುದಲ್ಲ.

ಜೋಳದ ರೊಟ್ಟಿಯನ್ನೇ ನೋಡಬಹುದು. ಗೋಧಿಹಿಟ್ಟಿಗೆ ಎಳೆತ ಕೊಡುವ ಗ್ಲುಟೆನ್ ಎಂಬ ಪ್ರೋಟೀನು ಜೋಳದಲ್ಲಿಲ್ಲ. ಆದ್ದರಿಂದಲೇ ಎಸರು, ಅಂದರೆ ಕುದಿಯುವ ನೀರು, ಹಿಟ್ಟಿನ ಪಿಷ್ಟವನ್ನು ಅರೆಬೇಯಿಸಿ ಅಂಟು ಬರಿಸಬೇಕು. ಎಸರಿಳಿಸುವ ಹೊತ್ತಿಗೆ ಕೂಸು ಅತ್ತು, ತಾಯಿ ಎದ್ದುಹೋಗಿ ಬರುವಷ್ಟರಲ್ಲಿ ನೀರು ಆರಿದರೆ ಹಿಟ್ಟು ಎಷ್ಟು ನಾದಿದರೂ ಜಿಗಿ ಹಿಡಿಯದೆ ರೊಟ್ಟಿಯ ಅಂಚು ಬಿರಿಯುತ್ತದೆ. ಹಿಡಿಯಷ್ಟು ಹಿಟ್ಟನ್ನು ಮತ್ತೆ ಕುದಿನೀರಿನಲ್ಲಿ ತಿರುವಿ ಉಳಿದುದಕ್ಕೆ ಸೇರಿಸಿ ನಾದಿದರೆ ಅದು ಸುಧಾರಿಸುತ್ತದೆ, ಸುಧಾರಿಸದಿದ್ದರೂ ನಷ್ಟವಿಲ್ಲ. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ಖಾರ, ಎಣ್ಣೆಯೊಡನೆ ಕುಟ್ಟಿ ಉಂಡೆ ಕಟ್ಟುವ ಮುಟಗಿಗೆ ಹರಿದ ರೊಟ್ಟಿಯೂ ಆಗುತ್ತದೆ. ಮಸಾರಿ ಹೊಲದ ಸಜ್ಜೆಯ ತೊಂದರೆ ಬೇರೆ. ಅದರಲ್ಲಿ ಕೊಬ್ಬಿನಂಶ ಹೆಚ್ಚಿರುವುದರಿಂದ ಬೀಸಿಟ್ಟ ಹಿಟ್ಟು ಬೇಗ ಕಹಿಯಾಗುತ್ತದೆ, ಹೀಗಾಗಿ ಸಜ್ಜೆಯನ್ನು ಕೆಲವೇ ದಿನಕ್ಕಾಗುವಷ್ಟು ಬೀಸಿಸಿಕೊಳ್ಳುವುದೇ ಲೇಸು.

ರೊಟ್ಟಿ ಬಡಿಯಲು ಕೈ ಬಿಡುವಿಲ್ಲದ ದಿನ ಖಡಕ್ ರೊಟ್ಟಿ, ಮೊಸರು, ಶೇಂಗಾ ಚಟ್ನಿಯಿಂದ ದೊಡ್ಡವರ ಊಟ ಮುಗಿಯಬಹುದು, ಅಥವಾ ಜೋಳದ ನುಚ್ಚು, ಹೆಸರುಬೇಳೆ, ಒಂದಿಷ್ಟು ಸೊಪ್ಪನ್ನು ಒಂದೇ ಕುಕ್ಕರಿನಲ್ಲಿ ಬೇಯಿಸಬಹುದು. ಬೇಳೆಯ ನೊರೆ ಸೀಟಿಯ ರಂಧ್ರಕ್ಕೆ ಕಟ್ಟಿಕೊಳ್ಳದಂತೆ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಆರು ತಿಂಗಳು ತುಂಬಿ ಎದೆಹಾಲಿನ ಜೊತೆ ಮೇಲೂಟ ಆರಂಭಿಸಿದ ಕೂಸಿಗೆ ಬೇರೆ ಅಡುಗೆ ಬೇಕಿಲ್ಲ; ಉಪ್ಪು, ಖಾರ ಬೀಳುವ ಮೊದಲೇ ಅದರ ಪಾಲನ್ನು ಬಟ್ಟಲಿಗೆ ತೆಗೆದು, ನುಣ್ಣಗೆ ಹಿಸುಕಿ, ಒಂದು ಹನಿ ತುಪ್ಪ ಬೆರೆಸಿದರೆ ಸಾಕು.

ಇಲ್ಲಿ ಹಿರಿಯರದೇ ಒಂದು ರೂಢಿಯನ್ನು ತಿದ್ದಬೇಕಾಗಿದೆ. ಬೇಳೆಯ ತಿಳಿ ಕುಡಿಸಿದರೆ ಕೂಸು ಗಟ್ಟಿಯಾಗುತ್ತದೆಂಬ ನಂಬಿಕೆ ತಪ್ಪು, ಏಕೆಂದರೆ ಸತ್ವವೆಲ್ಲ ತಳದ ಬೇಳೆಯಲ್ಲಿ ಉಳಿದು, ಕೂಸಿನ ಸಣ್ಣ ಹೊಟ್ಟೆ ನೀರಿನಿಂದಲೇ ತುಂಬಿಹೋಗುತ್ತದೆ. ಚಮಚ ಓರೆ ಮಾಡಿದರೆ ಸುಲಭವಾಗಿ ಹರಿದು ಬೀಳದಷ್ಟು ಮಂದವಾದ ಊಟ ಅದಕ್ಕೆ ಬೇಕು. ಮಂದ ಗಂಜಿಯನ್ನು ನುಂಗಲಾರದ ಕೂಸಿಗೆ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ರಾಗಿಹಿಟ್ಟಿನ ಗಂಜಿ ಒಳ್ಳೆಯದು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು, ಅಂದರೆ ಪಿಷ್ಟವನ್ನು ಒಡೆಯುವ ವಸ್ತುವು, ನೀರು ಹೆಚ್ಚು ಬೆರೆಸದೆಯೇ ಗಂಜಿಯನ್ನು ತೆಳುವಾಗಿಸುತ್ತದೆ. ಆದರೆ ಜೋಳದ ಮೊಳಕೆಯನ್ನು ಇದಕ್ಕೆ ಬಳಸಬಾರದು, ಅದರ ಎಳೆಯ ಚಿಗುರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ವಿಷಾಂಶವಿರುತ್ತದೆ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನಾಲಿಗೆಗೆ ಸವರುವುದೂ ಬೇಡ, ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಗೂಸಿನ ನರಗಳನ್ನೇ ನಿಷ್ಕ್ರಿಯಗೊಳಿಸಬಲ್ಲದು. ಇಡೀ ಶೇಂಗಾ ಕಾಳು ಮತ್ತು ಖಡಕ್ ರೊಟ್ಟಿಯ ಚೂರು ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳಾದ್ದರಿಂದ ದೊಡ್ಡವರ ತಾಟು ಅಂಬೆಗಾಲಿಡುವ ಕೂಸಿನ ಕೈಗೆಟುಕಬಾರದು.

ಕೆಟ್ಟ ಅಡುಗೆ ಒಂದು ಹೊತ್ತಿನದು, ಸುಟ್ಟ ಗಾಯ ಹಾಗಲ್ಲ. ಒಲೆ ನೆಲದ ಮೇಲಿರುವ ಮನೆಗಳಲ್ಲಿ ಎಸರಿನ ಪಾತ್ರೆ, ಬಿಸಿ ಹಂಚು, ಆಗಷ್ಟೇ ಇಳಿಸಿದ ಸಾರು ಮೂರೂ ಕೂಸಿನ ಎತ್ತರದಲ್ಲೇ ಇರುತ್ತವೆ, ದೊಡ್ಡವರ ಕೈ ಸಹಿಸುವ ಬಿಸಿಯೂ ಕೂಸಿನ ತೆಳು ಚರ್ಮವನ್ನು ಸುಡುತ್ತದೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಎಸರು ಇಳಿಸುವುದನ್ನು ಯಾವ ಮನೆಯೂ ಒಪ್ಪಬಾರದು. ಅವಘಡ ನಡೆದೇಹೋದರೆ ಗಾಯದ ಮೇಲೆ ಅರಿಶಿಣ, ಟೂತ್‌ಪೇಸ್ಟ್, ಮಂಜುಗಡ್ಡೆ ಯಾವುದನ್ನೂ ಹಚ್ಚದೆ, ಅಂಟಿಕೊಳ್ಳದ ಬಟ್ಟೆಯನ್ನು ತೆಗೆದು, ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಸುರಿದು, ಮೈಯ ಉಳಿದ ಭಾಗವನ್ನು ಬೆಚ್ಚಗಿಟ್ಟು, ಆಸ್ಪತ್ರೆಗೆ ಒಯ್ಯಬೇಕು. ಗಾಯ ದೊಡ್ಡದಿದ್ದರೆ 108ಕ್ಕೆ ಕರೆ ಮಾಡಲು ತಡಮಾಡಬಾರದು. ಕೊಡದಿಂದ ನೀರು ಸುರಿದರೂ ನಡೆಯುತ್ತದೆ, ಆದ್ದರಿಂದ ನಳದಲ್ಲಿ ನೀರು ಬಾರದ ಹೊತ್ತಿಗೆಂದು ಒಂದು ಕೊಡ ಸದಾ ತುಂಬಿರಲಿ.

ಎಸರು ಒಲೆಯ ಮೇಲಿರುವಷ್ಟು ಹೊತ್ತು ಕೂಸನ್ನು ಎತ್ತಿಕೊಳ್ಳುವವನೂ ಅಡುಗೆಯಲ್ಲಿ ಸಮಪಾಲು ಪಡೆದವನೇ. ಹೊಲದಿಂದಲೋ ಕೊಪ್ಪಳದ ಕೆಲಸದಿಂದಲೋ ದಣಿದು ಬರುವ ತಂದೆ, ಕಟ್ಟೆಗೆ ಹೋಗಿ ಕೂಡುವ ಅಜ್ಜ, ದೂರದರ್ಶನದ ಮುಂದಿರುವ ಚಿಕ್ಕಪ್ಪ, ಇವರಲ್ಲಿ ಯಾರಾದರೊಬ್ಬರು ಪ್ರತಿ ಸಂಜೆ ರೊಟ್ಟಿ ಮುಗಿಯುವವರೆಗೆ ಕೂಸನ್ನು ಹೊರಗಿನ ಪಡಸಾಲೆಯಲ್ಲಿ ಆಡಿಸಬೇಕೆಂಬುದೇ ಈ ಬರಹದ ಕಳಕಳಿಯ ಕೋರಿಕೆ.