ಕನ್ನಡದ ಅಂಕಿಗಳನ್ನು ಓದುವ ಯಂತ್ರ

ಯಂತ್ರಕ್ಕೆ ಓದಲು ಕಲಿಸಬಹುದೆ? ಕಲಿಸಿದ ಮೇಲೆ, ಅದು ನಿಜವಾಗಿ ಕಲಿತಿದೆಯೋ ಅಥವಾ ತೋರಿಸಿದ್ದನ್ನು ಕಂಠಪಾಠ ಮಾಡಿಕೊಂಡಿದೆಯೋ ಎಂಬುದನ್ನು ತಿಳಿಯುವ ಬಗೆ ಹೇಗೆ? ಮೊದಲನೆಯ ಪ್ರಶ್ನೆಗೆ ಉತ್ತರ ದೊರೆತು ಬಹಳ ಕಾಲವಾಯಿತು. ಎರಡನೆಯದನ್ನಾದರೋ, ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರು ಪ್ರತಿಸಲವೂ ಹೊಸದಾಗಿ ಕೇಳಿಕೊಳ್ಳಬೇಕಾಗಿದೆ. ನಮ್ಮ ಕನ್ನಡದ ಹತ್ತು ಅಂಕಿಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ವಿಚಾರ ಮಾಡೋಣ.

ವೃತ್ತವು ಪೂರ್ತಿಯಾಗಿ ಮುಚ್ಚಿದ್ದರೆ ೦. ಕೆಳಗಡೆ ಬಾಯಿ ತೆರೆದಿದ್ದರೆ ೧. ಈ ನಿಯಮವನ್ನು ಪ್ರೋಗ್ರಾಂನಲ್ಲಿ ಬರೆಯುವುದು ಸುಲಭ. ಆದರೆ ಅವಸರದಲ್ಲಿ ಬರೆದವರ ಸೊನ್ನೆ ಮುಚ್ಚಿರುವುದಿಲ್ಲ. ಶಾಯಿ ಹರಡಿದ ಕಾಗದದಲ್ಲಿ ಒಂದರ ಬಾಯಿ ಮುಚ್ಚಿಹೋಗಿರುತ್ತದೆ. ೬ ಮತ್ತು ೭ರ ನಡುವಣ ಅಂತರವಂತೂ ಬಾಲದ ತಿರುವಿನಲ್ಲಿ ಮಾತ್ರ ಅಡಗಿದೆ. ಒಂದೊಂದು ಅಪವಾದಕ್ಕೂ ಒಂದೊಂದು ನಿಯಮವನ್ನು ಸೇರಿಸುತ್ತ ಹೋದರೆ ಕೊನೆಗೆ ನಿಯಮಗಳನ್ನು ಬರೆದವರಿಗೇ ಅವುಗಳ ಲೆಕ್ಕ ಸಿಕ್ಕದು. ಆದುದರಿಂದ ವಿಜ್ಞಾನಿಗಳು ಬೇರೊಂದು ದಾರಿಯನ್ನು ಹಿಡಿದರು. ನಿಯಮವನ್ನು ಹೇಳಿಕೊಡುವುದಕ್ಕೆ ಬದಲಾಗಿ ನಿದರ್ಶನಗಳನ್ನು ತೋರಿಸುವುದು. ನಿಯಮವನ್ನು ಯಂತ್ರವೇ ಕಂಡುಕೊಳ್ಳುವಂತೆ ಮಾಡುವುದು. ಇದಕ್ಕೆ ಯಂತ್ರಕಲಿಕೆ ಎಂದು ಹೆಸರು. ಅಮೆರಿಕದ ಆರ್ಥರ್ ಸ್ಯಾಮ್ಯುಯೆಲ್ ೧೯೫೯ರಲ್ಲಿ ಚೆಕರ್ಸ್ ಎಂಬ ಮಣೆಯಾಟವನ್ನು ಗಣಕಕ್ಕೆ ಕಲಿಸಿದ ಬಗೆಯನ್ನು ವಿವರಿಸಿ ಬರೆದ ಪ್ರಬಂಧದಿಂದ ಈ ಹೆಸರು ಪ್ರಚಾರಕ್ಕೆ ಬಂದಿತು.

ಕಲಿಕೆ ನಡೆಯುವ ಕ್ರಮ ಹೀಗಿದೆ. ಅಂಕಿಯ ಚಿತ್ರವನ್ನು ಅಡ್ಡಕ್ಕೆ ೨೮, ಉದ್ದಕ್ಕೆ ೨೮ ಮನೆಗಳಾಗಿ ವಿಭಾಗಿಸಿದರೆ ಒಟ್ಟು ೭೮೪ ಮನೆಗಳಾಗುತ್ತವೆ. ಪ್ರತಿಯೊಂದು ಮನೆಯ ಕಪ್ಪುಬಿಳುಪಿನ ಪ್ರಮಾಣವನ್ನು ೦ಯಿಂದ ೨೫೫ರವರೆಗಿನ ಒಂದು ಸಂಖ್ಯೆಯಿಂದ ಸೂಚಿಸುತ್ತಾರೆ. ಯಂತ್ರವು ಈ ಸಂಖ್ಯೆಗಳನ್ನು ತನ್ನಲ್ಲಿರುವ ‘ತೂಕ’ಗಳಿಂದ ಗುಣಿಸಿ, ಕೂಡಿಸಿ, ಹತ್ತು ಅಂಕಿಗಳಿಗೂ ಒಂದೊಂದು ಮೊತ್ತವನ್ನು ಕೊಡುತ್ತದೆ. ಯಾವುದರ ಮೊತ್ತ ಹೆಚ್ಚೋ ಅದೇ ಅದರ ಉತ್ತರ. ಉತ್ತರ ತಪ್ಪಾದಾಗ, ತಪ್ಪು ಕಡಮೆಯಾಗುವ ದಿಕ್ಕಿನಲ್ಲಿ ತೂಕಗಳನ್ನು ಸ್ವಲ್ಪಸ್ವಲ್ಪವಾಗಿ ತಿದ್ದುತ್ತಾರೆ. ಸಾವಿರಾರು ಚಿತ್ರಗಳ ಮೇಲೆ ಈ ತಿದ್ದುಪಡಿ ಮತ್ತೆ ಮತ್ತೆ ನಡೆಯುತ್ತದೆ. ಈಚಿನ ವಿಧಾನಗಳಲ್ಲಿ ಒಂದು ಪುಟ್ಟ ಕಿಟಕಿಯನ್ನು ಚಿತ್ರದ ಉದ್ದಗಲಕ್ಕೂ ಸರಿಸಿ, ಗೆರೆಯೆಲ್ಲಿ ಬಾಗಿದೆ, ಎಲ್ಲಿ ಮುಗಿದಿದೆ ಎಂಬುದನ್ನು ಗುರುತಿಸುವುದೂ ಉಂಟು.

ಹಾಗಾದರೆ ಕನ್ನಡದ ಅಂಕಿಗಳ ನಿದರ್ಶನಗಳು ಎಲ್ಲಿವೆ? ೨೦೧೯ರಲ್ಲಿ ವಿನಯ್ ಉದಯ್ ಪ್ರಭು ಎಂಬ ಸಂಶೋಧಕರು ‘ಕನ್ನಡ ಎಂನಿಸ್ಟ್’ ಎಂಬ ಸಂಗ್ರಹವನ್ನು ಸಾರ್ವಜನಿಕರಿಗೆ ಮುಕ್ತವಾಗಿ ಒದಗಿಸಿದರು. ಬೆಂಗಳೂರಿನಲ್ಲಿ ೬೫ ಮಂದಿ ಸ್ವಯಂಸೇವಕರು ಕಾಗದದ ಮೇಲೆ ಬರೆದುಕೊಟ್ಟ ಅಂಕಿಗಳಿಂದ ಅದು ಸಿದ್ಧವಾಯಿತು. ಕಲಿಕೆಗೆ ೬೦,೦೦೦ ಚಿತ್ರಗಳು, ಪರೀಕ್ಷೆಗೆ ೧೦,೦೦೦ ಚಿತ್ರಗಳು. ಇದರೊಂದಿಗೆ ಅವರು ಬೇರೆ ೮ ಮಂದಿಯಿಂದ, ಬೇರೆ ಕಾಗದದ ಮೇಲೆ ಬರೆಸಿದ ೧೦,೨೪೦ ಚಿತ್ರಗಳ ಇನ್ನೊಂದು ಸಂಗ್ರಹವನ್ನೂ ಸೇರಿಸಿದರು. ಈ ಎರಡನೆಯ ಸಂಗ್ರಹದಲ್ಲಿಯೇ ನಮ್ಮ ಪಾಠದ ತಿರುಳಿದೆ.

ಒಂದೇ ಯಂತ್ರವನ್ನು ಎರಡು ಬಗೆಯಾಗಿಯೂ ಪರೀಕ್ಷಿಸಿದಾಗ ದೊರೆತ ಫಲ ಹೀಗಿತ್ತು: ಮೊದಲನೆಯ ಪರೀಕ್ಷೆಯಲ್ಲಿ ನೂರಕ್ಕೆ ೯೬.೮ ಉತ್ತರಗಳು ಸರಿ. ಎರಡನೆಯದರಲ್ಲಿ ನೂರಕ್ಕೆ ೭೬.೧ ಮಾತ್ರ ಸರಿ. ಅಂಕಿಗಳು ಅವೇ ಹತ್ತು, ಯಂತ್ರವೂ ಅದೇ. ಬದಲಾದದ್ದು ಬರೆದ ಕೈ ಮತ್ತು ಬರೆದ ಸನ್ನಿವೇಶ.

ಈ ಅಂತರದ ಪರಿಣಾಮವೇನೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಮೈಸೂರಿನ ಹಳೆಯ ಮನೆಯೊಂದರ ಖಾತೆಯ ಸಂಖ್ಯೆ ಕೈಬರಹದ ಪುಸ್ತಕದಲ್ಲಿ ನಾಲ್ಕು ಕನ್ನಡ ಅಂಕಿಗಳಲ್ಲಿ ಬರೆದಿದೆ ಎಂದುಕೊಳ್ಳಿ. ನಾಲ್ಕರಲ್ಲಿ ಒಂದು ತಪ್ಪಿದರೂ ಖಾತೆ ಬೇರೊಬ್ಬರದಾಗುತ್ತದೆ. ಒಂದು ಅಂಕಿಯ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲವೆಂದು ಭಾವಿಸಿದರೆ, ನಾಲ್ಕೂ ಸರಿಯಾಗಿರುವ ಸಂಭವವು ೦.೯೬೮ನ್ನು ನಾಲ್ಕು ಸಲ ಗುಣಿಸಿದಷ್ಟು, ಎಂದರೆ ನೂರಕ್ಕೆ ಸುಮಾರು ೮೮. ಎರಡನೆಯ ಪರೀಕ್ಷೆಯ ಪ್ರಮಾಣವನ್ನು ತೆಗೆದುಕೊಂಡರೆ ಅದು ನೂರಕ್ಕೆ ಸುಮಾರು ೩೪ಕ್ಕೆ ಇಳಿಯುತ್ತದೆ. ಮೂರು ಖಾತೆಗಳಲ್ಲಿ ಎರಡು ತಪ್ಪು! ಮೊದಲನೆಯ ಪರೀಕ್ಷೆಯ ಅಂಕವನ್ನು ಮಾತ್ರ ನೋಡಿ ಇಂತಹ ಯಂತ್ರವನ್ನು ಕಚೇರಿಯಲ್ಲಿ ಇಟ್ಟರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ.

ಈ ಸಮಸ್ಯೆ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ಅಮೆರಿಕದಲ್ಲಿ ಇಂಗ್ಲಿಷ್ ಅಂಕಿಗಳ ಸರ್ಕಾರಿ ಸಂಗ್ರಹವೊಂದರಲ್ಲಿ ಕಲಿಕೆಯ ಭಾಗವನ್ನು ಜನಗಣತಿ ಇಲಾಖೆಯ ನೌಕರರು ಬರೆದಿದ್ದರು, ಪರೀಕ್ಷೆಯ ಭಾಗವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಬರೆದಿದ್ದರು. ನೌಕರರ ಅಂಕಿಗಳು ಸ್ಫುಟವಾಗಿದ್ದುವು. ವಿದ್ಯಾರ್ಥಿಗಳವು ಓದಲು ಕಷ್ಟವಾಗಿದ್ದುವು. ಯಾನ್ ಲೆಕುನ್ ಮತ್ತು ಸಂಗಡಿಗರು ಎರಡನ್ನೂ ಬೆರೆಸಿ ‘ಎಂನಿಸ್ಟ್’ ಎಂಬ ಪ್ರಸಿದ್ಧ ಸಂಗ್ರಹವನ್ನು ರೂಪಿಸಿದರು. ಹಾಗೆ ಬೆರೆಸುವಾಗಲೂ, ಕಲಿಕೆಯ ಭಾಗದಲ್ಲಿ ಬರೆದ ವ್ಯಕ್ತಿ ಪರೀಕ್ಷೆಯ ಭಾಗದಲ್ಲಿ ಬಾರದಂತೆ ಎಚ್ಚರ ವಹಿಸಿದರು. ಒಬ್ಬನ ಐವತ್ತು ಅಂಕಿಗಳಲ್ಲಿ ನಲವತ್ತನ್ನು ತೋರಿಸಿ, ಉಳಿದ ಹತ್ತನ್ನು ಕೇಳುವುದು ಪರೀಕ್ಷೆಯೆನಿಸುವುದಿಲ್ಲ. ಅದು ಪಾಠದ ಪುನರಾವರ್ತನೆ.

ಈ ತತ್ತ್ವವನ್ನು ನಮ್ಮ ವಿದ್ಯಾರ್ಥಿಗಳು ಮೈಸೂರಿನಲ್ಲಿಯೇ ಪ್ರಯೋಗಮಾಡಿ ನೋಡಬಹುದು. ಇಪ್ಪತ್ತು ಮಂದಿಯ ಒಪ್ಪಿಗೆ ಪಡೆದು, ಪ್ರತಿಯೊಬ್ಬರಿಂದಲೂ ಹತ್ತು ಅಂಕಿಗಳನ್ನು ಐದೈದು ಸಲ ಬರೆಸಿ. ಸಹಪಾಠಿಗಳು ಮಾತ್ರವಲ್ಲದೆ, ಮನೆಯ ಹಿರಿಯರು, ದೇವರಾಜ ಮಾರುಕಟ್ಟೆಯ ವ್ಯಾಪಾರಿಗಳು, ಬಲಪಂ ಹಿಡಿದು ಅಕ್ಷರ ಕಲಿತವರು, ಎಲ್ಲರೂ ಇರಲಿ. ಒಟ್ಟು ೧,೦೦೦ ಅಂಕಿಗಳಾಗುತ್ತವೆ. ಐದು ಮಂದಿಯ ೨೫೦ ಅಂಕಿಗಳನ್ನು ಲಕೋಟೆಯಲ್ಲಿಟ್ಟು ಮುಚ್ಚಿಬಿಡಿ. ಉಳಿದ ೭೫೦ರಿಂದ ಮಾತ್ರ ಯಂತ್ರಕ್ಕೆ ಕಲಿಸಿ. ಕೊನೆಗೆ ಒಂದೇ ಸಲ ಲಕೋಟೆಯನ್ನು ಒಡೆಯಿರಿ. ಮತ್ತೊಮ್ಮೆ, ಬರೆದವರನ್ನು ಲೆಕ್ಕಿಸದೆ ೧,೦೦೦ ಅಂಕಿಗಳನ್ನೂ ಕಲಸಿ ೨೫೦ನ್ನು ಆರಿಸಿ, ಹೊಸದಾಗಿ ಕಲಿಸಿ ಪರೀಕ್ಷಿಸಿ. ಎರಡು ಫಲಗಳನ್ನು ಹೋಲಿಸಿ ನೋಡಿ. ಎರಡನೆಯದು ಹೆಚ್ಚಾಗಿ ಬಂದರೆ, ಆ ಹೆಚ್ಚಳದಲ್ಲಿ ಪರಿಚಿತ ಕೈಬರಹದ ಪಾಲೆಷ್ಟಿರಬಹುದೆಂದು ಯೋಚಿಸಿ.

ಇನ್ನು ಪ್ರೋಗ್ರಾಂನ ರಚನೆಯ ವಿಷಯ. ಡೇವಿಡ್ ಪಾರ್ನಾಸ್ ೧೯೭೨ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಉಪಯುಕ್ತವಾದ ಸೂತ್ರವೊಂದು ಇದೆ: ಮುಂದೆ ಬದಲಾಗುವ ಸಂಭವವಿರುವ ಪ್ರತಿಯೊಂದು ನಿರ್ಧಾರವನ್ನೂ ಪ್ರೋಗ್ರಾಂನ ಒಂದೊಂದು ಭಾಗದೊಳಗೆ ಅಡಗಿಸಿಡಬೇಕು, ಇತರ ಭಾಗಗಳಿಗೆ ಅದರ ಗೊಡವೆ ಇರಬಾರದು. ನಮ್ಮ ಯಂತ್ರದಲ್ಲಿ ನಾಲ್ಕು ಭಾಗಗಳಿರಲಿ. ಒಂದನೆಯದು ಚಿತ್ರವನ್ನು ತರುತ್ತದೆ. ಎರಡನೆಯದು ಅದನ್ನು ಶುದ್ಧಗೊಳಿಸಿ ೨೮ ಮನೆಗಳ ಅಳತೆಗೆ ತರುತ್ತದೆ. ಮೂರನೆಯದು ಅಂಕಿಯನ್ನು ಗುರುತಿಸುತ್ತದೆ. ನಾಲ್ಕನೆಯದು ಆ ಉತ್ತರವನ್ನು ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಸ್ಕ್ಯಾನರಿಗೆ ಬದಲು ಮೊಬೈಲಿನ ಕ್ಯಾಮೆರಾ ಬಂದರೆ ತಿದ್ದಬೇಕಾದುದು ಮೊದಲನೆಯ ಭಾಗವನ್ನು ಮಾತ್ರ. ಆದರೆ ಪರೀಕ್ಷೆಯನ್ನು ಹೊಸದಾಗಿ ಮಾಡಲೇಬೇಕು, ಏಕೆಂದರೆ ಚಿತ್ರಗಳ ಗುಣ ಬದಲಾಗಿರುತ್ತದೆ. ಎರಡನೆಯ ಭಾಗವು ಕಲಿಸುವಾಗಲೂ ಬಳಸುವಾಗಲೂ ಒಂದೇ ಆಗಿರಬೇಕು. ಕಲಿಸುವಾಗ ಒಂದು ಬಗೆಯಾಗಿ, ಬಳಸುವಾಗ ಇನ್ನೊಂದು ಬಗೆಯಾಗಿ ಶುದ್ಧಮಾಡಿದರೆ, ಕಲಿತ ವಿದ್ಯೆ ಕೈಕೊಡುತ್ತದೆ.

ನಾಲ್ಕನೆಯ ಭಾಗವನ್ನು ಅನೇಕರು ಕಡೆಗಣಿಸುತ್ತಾರೆ. ೬ಕ್ಕೂ ೭ಕ್ಕೂ ದೊರೆತ ಮೊತ್ತಗಳು ಹತ್ತಿರ ಹತ್ತಿರ ಇದ್ದಾಗ ಯಂತ್ರವು ‘ತಿಳಿಯದು’ ಎಂದು ಹೇಳಿ, ಮನುಷ್ಯನ ಕಣ್ಣಿಗೆ ಒಪ್ಪಿಸಬೇಕು. ಎಷ್ಟು ಹತ್ತಿರವಿದ್ದರೆ ಒಪ್ಪಿಸಬೇಕೆಂಬುದನ್ನು, ಕಲಿಕೆಯಲ್ಲಿ ಭಾಗವಹಿಸದ ಇನ್ನೂ ಕೆಲವರ ಬರಹವನ್ನು ಬೇರೆಯಾಗಿ ಇಟ್ಟುಕೊಂಡು ನಿರ್ಧರಿಸಬೇಕು. ಲಕೋಟೆಯಲ್ಲಿರುವುದನ್ನು ಇದಕ್ಕೆ ಬಳಸಬಾರದು. ಅಪರಿಚಿತ ಬರಹವನ್ನು ಕಂಡಾಗ ಯಂತ್ರವು ತಪ್ಪನ್ನೇ ದೃಢವಾಗಿ ಹೇಳುವುದೂ ಉಂಟು.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಕಂಠದಿಂದ ಕೊರೆದ ತಾಳೆಯ ಗರಿಗಳಿವೆ. ಬಾಲ್‌ಪಾಯಿಂಟ್ ಪೆನ್ನಿನ ಅಂಕಿಗಳನ್ನು ಕಲಿತ ಯಂತ್ರವು ಅವುಗಳ ಮೇಲಣ ಅಂಕಿಗಳನ್ನು ಓದಬಲ್ಲುದೆಂದು ನಂಬುವುದಕ್ಕೆ ಯಾವ ಆಧಾರವೂ ಇಲ್ಲ. ಆ ಕಾರ್ಯಕ್ಕೆ ಆ ಗರಿಗಳ ನಿದರ್ಶನಗಳೇ ಬೇಕು. ಅವುಗಳನ್ನು ಓದಬಲ್ಲ ವಿದ್ವಾಂಸರು ಒಂದೊಂದಕ್ಕೂ ಸರಿಯಾದ ಉತ್ತರವನ್ನು ಬರೆದಿಡಬೇಕು. ಯಂತ್ರವನ್ನು ಹೊರದೇಶದಿಂದ ತರಿಸಬಹುದು, ಗಣಿತವನ್ನು ಪುಸ್ತಕದಿಂದ ಕಲಿಯಬಹುದು. ಕನ್ನಡದ ಬರಹವನ್ನು ಕೂಡಿಸಿ, ಓದಿ, ಗುರುತು ಹಾಕುವ ಕೆಲಸವನ್ನು ಮಾತ್ರ ಕನ್ನಡವನ್ನು ಬಲ್ಲವರೇ ಮಾಡಬೇಕಾಗಿದೆ.